ಮನೆಯ ಪುಟ್ಟ ನಾಯಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವೆಂಬ ಹಳೆಯ ಕಲ್ಲೊಂದಿದೆ. ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿರುವ ಚಿತ್ರವನ್ನು ಅದರ ಮೇಲೆ ಕಂಡರಿಸಲಾಗಿದೆ. ಆ ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ ಗಂಗರ ಅರಸ ಬೂತುಗನು, ಮೆಚ್ಚಿದೆನು, ಬೇಡಿಕೋ ಎಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಈ ನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಇದು ಕ್ರಿ.ಶ. 950ರ ಸುಮಾರಿನ ಮಾತು.

ಕಾಳಿಯು ಬೇಟೆಯ ನಾಯಿ. ಅದು ದುಡಿಯಿತು, ಕಾದಿತು, ಗೌರವವನ್ನು ಗಳಿಸಿತು. ಆದರೆ ಇಂದು ಅನೇಕ ಮನೆಗಳಲ್ಲಿ ಕಾಣುವ ಪುಟ್ಟ ನಾಯಿ ಬೇಟೆಯಾಡುವುದಿಲ್ಲ, ಕುರಿ ಕಾಯುವುದಿಲ್ಲ. ಮಡಿಲಲ್ಲಿ ಹಿಡಿಸುವ ಈ ಪ್ರಾಣಿಯನ್ನು ‘ಆಟಿಕೆ ತಳಿ’ ಎಂದೇ ಕರೆಯುವ ರೂಢಿಯುಂಟು. ಈ ಹೆಸರು ನಮ್ಮನ್ನು ದಾರಿ ತಪ್ಪಿಸದಂತೆ ನೋಡಿಕೊಳ್ಳಬೇಕು.

ಪಮೇರಿಯನ್ ತಳಿಯನ್ನೇ ನೋಡೋಣ. ಬಾಲ್ಟಿಕ್ ಸಮುದ್ರದ ತೀರದಲ್ಲಿ, ಇಂದಿನ ಜರ್ಮನಿ ಮತ್ತು ಪೋಲೆಂಡ್ ದೇಶಗಳಲ್ಲಿ ಹರಡಿಕೊಂಡಿರುವ ಪಮೇರಿಯಾ ಪ್ರಾಂತದಿಂದ ಇದಕ್ಕೆ ಆ ಹೆಸರು ಬಂದಿತು. ಇದರ ಪೂರ್ವಜರು ಈಗಿನವುಗಳಿಗಿಂತ ಬಹಳ ದೊಡ್ಡ ನಾಯಿಗಳಾಗಿದ್ದುವು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು 1888ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಿಂದ ಈ ಜಾತಿಯ ಸಣ್ಣ ನಾಯಿಗಳನ್ನು ತಂದು ಸಾಕಿದ ಮೇಲೆ ಚಿಕ್ಕ ಗಾತ್ರದವುಗಳಿಗೆ ಬೇಡಿಕೆ ಹೆಚ್ಚಿತು. ಪ್ರತಿ ಪೀಳಿಗೆಯಲ್ಲಿಯೂ ಸಣ್ಣವನ್ನೇ ಆರಿಸಿ ಕೂಡಿಸಿದುದರಿಂದ ಇಂದು ಅದರ ತೂಕ ಸಾಮಾನ್ಯವಾಗಿ ಎರಡು ಮೂರು ಕಿಲೋಗ್ರಾಂ ಮಾತ್ರ. ನಮ್ಮ ಊರುಗಳಲ್ಲಿ ಪಮೇರಿಯನ್ ಎಂದು ಕರೆಯುವ ಬಿಳಿಯ ನಾಯಿಗಳಲ್ಲಿ ಅನೇಕವು ಅದರ ಸಂಬಂಧಿಯಾದ, ಗಾತ್ರದಲ್ಲಿ ತುಸು ದೊಡ್ಡದಾದ ಇಂಡಿಯನ್ ಸ್ಪಿಟ್ಜ್ ಜಾತಿಯವು. ಅದು ಹೇಗೇ ಇರಲಿ, ಒಂದು ಮಾತು ಸ್ಪಷ್ಟ. ಈ ನಾಯಿ ತಾನಾಗಿ ಚಿಕ್ಕದಾಗಲಿಲ್ಲ; ಮನುಷ್ಯನು ತನ್ನ ಸಂತೋಷಕ್ಕಾಗಿ ಅದನ್ನು ಚಿಕ್ಕದು ಮಾಡಿದನು. ಆದುದರಿಂದ ಆ ಚಿಕ್ಕತನದಿಂದ ಅದಕ್ಕೆ ಒದಗುವ ಕಷ್ಟಗಳ ಹೊಣೆಯೂ ಅವನದೇ.

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಮನೆಗೆ ಎರಡು ತಿಂಗಳ ಮರಿಯೊಂದು ಬಂದಿತು. ತಂಗಿ ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟಳು. ಒಂದು ದಿನ ನಾವೆಲ್ಲರೂ ನೆಂಟರ ಮನೆಯ ಮದುವೆಗೆ ಹೊರಟೆವು. ಹೊರಡುವ ಗಡಿಬಿಡಿಯಲ್ಲಿ ಮರಿಗೆ ಬೆಳಗ್ಗೆ ಸ್ವಲ್ಪ ಅನ್ನ ಹಾಕಿದುದಷ್ಟೆ. ಸಂಜೆ ಬಂದು ನೋಡಿದರೆ ಬೆಳ್ಳಿ ಮೂಲೆಯಲ್ಲಿ ಬಟ್ಟೆಯ ಮುದ್ದೆಯಂತೆ ಬಿದ್ದಿತ್ತು. ಕರೆದರೆ ಕಿವಿ ನಿಮಿರಲಿಲ್ಲ. ಮೈ ತಣ್ಣಗಾಗಿ ನಡುಗುತ್ತಿತ್ತು. ತಂಗಿ ಅಳತೊಡಗಿದಳು. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಪಶುವೈದ್ಯರ ಬಳಿಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ವೈದ್ಯರು ಮೊದಲು ಮಾಡಿದ ಕೆಲಸವೆಂದರೆ ಸಕ್ಕರೆ ನೀರನ್ನು ಬೆರಳಿನಿಂದ ಅದರ ಒಸಡಿಗೆ ಸವರಿದುದು. ಆಮೇಲೆ ಸೂಜಿಯ ಮೂಲಕ ರಕ್ತಕ್ಕೆ ಸಕ್ಕರೆಯ ದ್ರಾವಣವನ್ನು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಬೆಳ್ಳಿ ತಲೆ ಎತ್ತಿತು. ನಾವು ಇನ್ನೂ ತಡಮಾಡಿದ್ದರೆ ಮರಿ ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಅದರ ಕಾಯಿಲೆ ಬೇರೇನೂ ಆಗಿರಲಿಲ್ಲ, ಹಸಿವು.

ಪುಟ್ಟ ಮರಿಯ ಶರೀರದಲ್ಲಿ ಸಕ್ಕರೆಯ ಸಂಗ್ರಹ ತೀರ ಕಡಿಮೆ. ಆದರೆ ಗಾತ್ರ ಚಿಕ್ಕದಾದಷ್ಟೂ ಮೈಯ ಶಾಖ ಬೇಗ ಹೊರಗೆ ಹೋಗುವುದರಿಂದ, ಅದನ್ನು ಕಾಪಾಡಿಕೊಳ್ಳಲು ಬೇಕಾಗುವ ಶಕ್ತಿ ಹೆಚ್ಚು. ದೊಡ್ಡ ನಾಯಿ ಒಂದು ಹೊತ್ತು ಉಪವಾಸವಿದ್ದರೂ ತಡೆದುಕೊಂಡೀತು. ಅಂಗೈಯಗಲದ ಮರಿ ತಡೆಯಲಾರದು. ಆದಕಾರಣ ಎಳೆಯ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡಬೇಕು. ಬೆಳೆದ ನಾಯಿಗೆ ಎರಡು ಹೊತ್ತು ಸಾಕು. ಅತಿಯಾಗಿ ತಿನ್ನಿಸಿದರೆ ಬೊಜ್ಜು ಬೆಳೆದು ಅದರ ಸಣ್ಣ ಕೀಲುಗಳು ನೋಯುತ್ತವೆ. ಶುದ್ಧವಾದ ನೀರು ಸದಾ ಎಟುಕುವಂತಿರಬೇಕು.

ನಾವು ತಿನ್ನುವುದನ್ನೆಲ್ಲ ನಾಯಿಗೂ ಹಾಕುವುದು ಪ್ರೀತಿಯಲ್ಲ. ಈರುಳ್ಳಿ, ಬೆಳ್ಳುಳ್ಳಿಗಳು ಅದರ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿಗಳಿಂದ ಮೂತ್ರಪಿಂಡಗಳು ಕೆಡಬಹುದು. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತು ಅದರ ಹೃದಯಕ್ಕೂ ನರಗಳಿಗೂ ವಿಷ. ಬೇಯಿಸಿದ ಮೂಳೆ ಸೀಳಿ ಗಂಟಲಿಗೂ ಕರುಳಿಗೂ ಚುಚ್ಚಿಕೊಳ್ಳುತ್ತದೆ. ಮೂವತ್ತು ಕಿಲೋಗ್ರಾಂ ತೂಕದ ನಾಯಿಗೆ ಅಲ್ಪವೆನಿಸುವ ಪ್ರಮಾಣವು ಮೂರು ಕಿಲೋಗ್ರಾಂ ತೂಕದ ನಾಯಿಗೆ ಪ್ರಾಣಾಪಾಯಕರವಾಗಬಹುದೆಂಬುದನ್ನು ಮರೆಯಬಾರದು. ಮನುಷ್ಯರ ಜ್ವರದ ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ಎಂದಿಗೂ ಕೊಡಕೂಡದು.

ಪುಟ್ಟ ನಾಯಿಯ ಮೂಳೆಗಳು ತೆಳು. ಎಷ್ಟೋ ನಾಯಿಗಳಲ್ಲಿ ಮಂಡಿಯ ಚಿಪ್ಪು ತನ್ನ ಸ್ಥಾನದಿಂದ ಜಾರುವ ತೊಂದರೆ ಇರುತ್ತದೆ. ಮಂಚದಿಂದ ಕೆಳಕ್ಕೆ ಹಾರುವುದು ನಮಗೆ ಆಟವಾಗಿ ಕಂಡರೂ ಅದಕ್ಕೆ ಅಪಾಯ. ಎತ್ತಿಕೊಳ್ಳುವಾಗ ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಗಾಲುಗಳ ಕೆಳಗೂ ಇಡಬೇಕು. ಕಾಲು ಹಿಡಿದು ಎಳೆಯಲಾಗದು. ಇವುಗಳ ಶ್ವಾಸನಾಳವೂ ದುರ್ಬಲವಾದುದರಿಂದ, ಹೊರಗೆ ಕರೆದೊಯ್ಯುವಾಗ ಹಗ್ಗವನ್ನು ಕೊರಳ ಪಟ್ಟಿಗೆ ಕಟ್ಟಿ ಜಗ್ಗುವುದಕ್ಕಿಂತ ಎದೆಯನ್ನು ಬಳಸುವ ಪಟ್ಟಿಗೆ ಕಟ್ಟುವುದು ಲೇಸು. ಚಿಕ್ಕ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುವುದರಿಂದ ಕೊಳೆ ಕಟ್ಟಿ ಒಸಡು ಬೇಗ ಕೆಡುತ್ತದೆ. ನಾಯಿಗಳಿಗಾಗಿಯೇ ಮಾಡಿದ ಪೇಸ್ಟಿನಿಂದ ಹಲ್ಲುಜ್ಜುವುದನ್ನು ಮರಿಯಿದ್ದಾಗಲೇ ಅಭ್ಯಾಸ ಮಾಡಿಸಬೇಕು.

ಶೀತದೇಶದ ಈ ಪ್ರಾಣಿಗೆ ನಮ್ಮ ಬೇಸಿಗೆ ದೊಡ್ಡ ಪರೀಕ್ಷೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತ ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ರಾಯಚೂರು, ಬಳ್ಳಾರಿಯಂಥ ಕಡೆಗಳಲ್ಲಿ ಅದನ್ನು ಮುಂಜಾನೆ ಅಥವಾ ಸಂಜೆಯಲ್ಲಿ ಮಾತ್ರ ನಡೆಸಬೇಕು. ಸೆಕೆಯೆಂದು ಅದರ ಕೂದಲನ್ನು ಬೋಳಿಸುವುದು ತಪ್ಪು. ಎರಡು ಪದರಗಳ ಆ ಕೂದಲು ಚಳಿಯನ್ನು ತಡೆಯುವಂತೆ ಬಿಸಿಲಿನಿಂದಲೂ ಚರ್ಮವನ್ನು ಕಾಯುತ್ತದೆ. ಬೋಳಿಸಿದರೆ ಕೆಲವು ಸಲ ಮೊದಲಿನಂತೆ ಬೆಳೆಯುವುದೂ ಇಲ್ಲ. ಆಗಾಗ್ಗೆ ಬಾಚಿ ಸಿಕ್ಕು ಬಿಡಿಸಿದರೆ ಸಾಕು. ದೀಪಾವಳಿಯ ಪಟಾಕಿಯ ಸದ್ದಿಗೆ ಅದು ಬೆದರಿದಾಗ ಕಿಟಕಿ ಬಾಗಿಲುಗಳನ್ನು ಮುಚ್ಚಿ ಒಳಕೋಣೆಯಲ್ಲಿ ಜೊತೆಗೆ ಕುಳಿತುಕೊಳ್ಳುವುದೇ ನಾವು ಮಾಡಬಹುದಾದ ಉಪಕಾರ.

ಎಲ್ಲಕ್ಕಿಂತ ಮುಖ್ಯವಾದುದು ರೋಗನಿರೋಧಕ ಚುಚ್ಚುಮದ್ದು. ಮನೆಯೊಳಗೇ ಇರುವ ಪುಟ್ಟ ನಾಯಿಗೆ ಅದೇಕೆ ಎಂದು ಕೆಲವರು ಕೇಳುವುದುಂಟು. ಪಾರ್ವೊ ರೋಗದ ವೈರಾಣು ನಮ್ಮ ಪಾದರಕ್ಷೆಗೆ ಅಂಟಿಕೊಂಡು ಮನೆಯೊಳಕ್ಕೆ ಬರಬಲ್ಲುದು. ರೇಬೀಸ್ ರೋಗವಂತೂ ಲಕ್ಷಣಗಳು ಕಾಣಿಸಿಕೊಂಡ ಮೇಲೆ ನಾಯಿಯನ್ನೂ ಬಿಡದು, ಮನುಷ್ಯನನ್ನೂ ಬಿಡದು. 1885ರ ಜುಲೈ 6ರಂದು ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ತನ್ನ ಲಸಿಕೆಯನ್ನು ಕೊಡಿಸಿದ ದಿನದಿಂದ ಈ ಮೃತ್ಯುವನ್ನು ತಡೆಯುವ ಉಪಾಯ ನಮ್ಮ ಕೈಯಲ್ಲಿದೆ. ಮರಿಗೆ ಮೂರು ತಿಂಗಳಾದಾಗ ಈ ಲಸಿಕೆಯನ್ನು ಹಾಕಿಸಿ, ಅನಂತರ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮತ್ತೆ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ, ಅದು ಎಷ್ಟೇ ಚಿಕ್ಕದಾಗಿರಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಶ್ರಮಪಡಲು, ಕಾಳಿಯಂತೆ ಕಾದಾಡದ ಈ ಪ್ರಾಣಿಯಿಂದ ನಮಗೇನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಬಹಳ ಹಳೆಯ ಒಂದು ಸಮಾಧಿಯಲ್ಲಿದೆ. 1914ರಲ್ಲಿ ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಅಸ್ಥಿಗಳು ದೊರೆತುವು. ಅವರೊಡನೆ ಒಂದು ನಾಯಿಯ ಅಸ್ಥಿಗಳೂ ಇದ್ದುವು. ಅವು ಸುಮಾರು ಹದಿನಾಲ್ಕು ಸಾವಿರ ವರ್ಷಗಳಷ್ಟು ಹಳೆಯವು. ನಾಯಿಯ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ ಒಂದು ಅಭಿಪ್ರಾಯವನ್ನು ಪ್ರಕಟಿಸಿದರು. ಅದು ಇನ್ನೂ ವರ್ಷ ತುಂಬದ ಮರಿ. ಸಾಯುವುದಕ್ಕೆ ಮೊದಲು ಬಹುಶಃ ಡಿಸ್ಟೆಂಪರ್ ರೋಗದಿಂದ ವಾರಗಟ್ಟಲೆ ನರಳಿತ್ತು. ಮನುಷ್ಯರ ಆರೈಕೆಯಿಲ್ಲದೆ ಅದು ಅಷ್ಟು ದಿನ ಬದುಕಿರಲು ಸಾಧ್ಯವಿರಲಿಲ್ಲ. ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದ ಆ ಜನರಿಗೆ ಕಾಯಿಲೆಯ ಮರಿಯಿಂದ ಯಾವ ಲಾಭವೂ ಇರಲಿಲ್ಲ. ಆದರೂ ಅದನ್ನು ಅವರು ಕೈಬಿಡಲಿಲ್ಲ.

ಬೆಳ್ಳಿ ನಮ್ಮೊಡನೆ ಹದಿಮೂರು ವರ್ಷ ಬಾಳಿತು. ಆ ಸಂಜೆಯ ಅನಂತರ ತಂಗಿ ಅದಕ್ಕೆ ಉಣಬಡಿಸದೆ ತಾನು ತಟ್ಟೆಯ ಮುಂದೆ ಕುಳಿತುದನ್ನು ನಾನು ಕಾಣೆ. ಪುಟ್ಟ ನಾಯಿಯನ್ನು ಮನೆಗೆ ತರಬೇಕೆಂದು ಬಯಸುವವರು ಅದರ ಅಂದವನ್ನು ನೋಡುವುದಕ್ಕೆ ಮುಂಚೆ, ಮುಂದಿನ ಹತ್ತು ಹದಿನೈದು ವರ್ಷ ಅದರ ಹಸಿವೆಯನ್ನು ತಾವು ನೆನಪಿಡಬಲ್ಲೆವೇ ಎಂದು ತಮ್ಮನ್ನು ತಾವು ಕೇಳಿಕೊಳ್ಳಬೇಕು.