ನೆರೆ ಬಂದಾಗ ಸಿಮೆಂಟ್ ಷೇರು: ಹೊಸಬರಿಗೊಂದು ಲೆಕ್ಕ

ಎಲ್ಲೋ ನೆರೆ ಬಂತು, ಗುಡ್ಡ ಕುಸಿಯಿತು ಎಂದರೆ ಸಾಕು, ‘ಇನ್ನು ಮನೆ ಕಟ್ಟಲೇಬೇಕಲ್ಲ, ಸಿಮೆಂಟ್ ಷೇರು ತಗೊಳ್ಳಿ’ ಎಂಬ ಸಂದೇಶ ತಿಪಟೂರು, ಚಿಕ್ಕನಾಯಕನಹಳ್ಳಿಯ ಮೊಬೈಲುಗಳಿಗೂ ಬಂದು ಬೀಳುತ್ತದೆ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮೊದಲ ಸಲ ಡಿಮ್ಯಾಟ್ ಖಾತೆ ತೆರೆದವರು ಈ ಮಾತನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಷೇರು ಎಂದರೆ ಕಂಪನಿಯ ಒಟ್ಟು ವ್ಯವಹಾರದಲ್ಲಿ ನಿಮಗೆ ಸಿಗುವ ಸಣ್ಣ ಪಾಲು. ಒಂದು ಊರಿಗೆ ಹೋದ ಲೋಡಿನಲ್ಲಿ ಪಾಲಲ್ಲ.

ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಮೈಸೂರು ಸಿಮೆಂಟ್ಸ್ 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಕಂಪನಿಯ ಕೈಸೇರಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಈ ಷೇರಿಗೆ ಕಾಲ ಬಂತು ಎಂದು ಯಾರಿಗಾದರೂ ಅನ್ನಿಸಬಹುದಿತ್ತು. ಲೆಕ್ಕ ಹಾಕಿ. ಸಂತ್ರಸ್ತರಿಗೆ ಐನೂರು ಮನೆ, ಮನೆಗೆ ನಾನೂರು ಚೀಲ ಎಂದು ಹಿಡಿಯೋಣ. ಎರಡು ಲಕ್ಷ ಚೀಲ, ಅಂದರೆ ಹತ್ತು ಸಾವಿರ ಟನ್. ಅಷ್ಟನ್ನೂ ಇದೊಂದೇ ಕಂಪನಿ ಕೊಟ್ಟಿತು ಎಂದುಕೊಂಡರೂ, ವರ್ಷಕ್ಕೆ 50 ಲಕ್ಷ ಟನ್‌ಗೂ ಹೆಚ್ಚು ತಯಾರಿಸಬಲ್ಲ ಕಂಪನಿಗೆ ಅದು ಐನೂರರಲ್ಲಿ ಒಂದು ಪಾಲೂ ಅಲ್ಲ. ಮೇಲಾಗಿ ಅದರ ಸಿಮೆಂಟಿನ ಬಹುಪಾಲು ತಯಾರಾಗುವುದು ದೂರದ ಮಧ್ಯ ಭಾರತದ ದಮೋಹ, ಝಾನ್ಸಿ ಕಡೆ. ಸಿಮೆಂಟ್ ಭಾರದ ಸರಕು, ಅಲ್ಲಿಂದ ಇಲ್ಲಿಗೆ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ.

ಇನ್ನು ಕಾಲದ ಮಾತು. ಸುದ್ದಿ ಕೇಳಿದ ದಿನವೇ ಷೇರಿನ ಬೆಲೆ ಏರಿಬಿಡಬಹುದು. ಆದರೆ ಕೊಡಗಿನಲ್ಲಿ ನೂರಾರು ಮನೆಗಳ ಕೀಲಿ ಸಂತ್ರಸ್ತರ ಕೈಗೆ ಸಿಕ್ಕಿದ್ದು 2020ರ ಜೂನ್‌ನಲ್ಲಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ಉಂಡೆ ಕೊಬ್ಬರಿಗಾಗಿ ಹತ್ತು ಹನ್ನೊಂದು ತಿಂಗಳು ಕಾಯುವ ನಮಗೆ ಈ ತಡ ಅರ್ಥವಾಗದ್ದೇನಲ್ಲ.

ಕೆಲವೊಮ್ಮೆ ಲೆಕ್ಕ ತಿರುಗುಮುರುಗೂ ಆಗುತ್ತದೆ. 2018ರ ನವೆಂಬರ್ 16ರಂದು ‘ಗಜ’ ಚಂಡಮಾರುತ ತಂಜಾವೂರು, ಪುದುಕೋಟೆ ಕಡೆ ಲಕ್ಷಾಂತರ ತೆಂಗಿನ ಮರಗಳನ್ನು ಉರುಳಿಸಿತು. ಹೀಗೆ ಮರಗಳು ಹೋಗಿ ಕೊಬ್ಬರಿ ತುಟ್ಟಿಯಾದರೆ, ಮರ ಉಳಿದ ಬೆಳೆಗಾರನಿಗೆ ಲಾಭ. ಪ್ಯಾರಾಶೂಟ್ ಎಣ್ಣೆಯ ಮಾರಿಕೋಗೆ ಅದು ಕಚ್ಚಾಮಾಲಿನ ಖರ್ಚು.

ನೊಂದವರ ಕಷ್ಟದಲ್ಲಿ ಲಾಭ ಹುಡುಕಬಹುದೇ ಎಂದು ಕೇಳುವವರಿದ್ದಾರೆ. ಮನೆ, ಸೇತುವೆ ಕಟ್ಟುವ ಕಂಪನಿಗೆ ದುಡ್ಡು ಹಾಕುವುದು ತಪ್ಪಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೆ ನೆರೆ ಬಾರದ ವರ್ಷವೂ ಲಾಭ ಮಾಡುವ, ಸಾಲದ ಹೊರೆ ಕಡಿಮೆಯಿರುವ ಕಂಪನಿಯನ್ನೇ ಹುಡುಕಿ. ಯಾವ ಭಾಗದಲ್ಲಿ ಎಷ್ಟು ಮಾರುತ್ತದೆ ಎಂಬುದನ್ನು ಅದರ ವಾರ್ಷಿಕ ವರದಿಯಲ್ಲಿ ನೋಡಿ. ಸಲಹೆ ಕೊಟ್ಟವರ ಹೆಸರು ಷೇರುಪೇಟೆ ನಿಯಂತ್ರಕ ಸೆಬಿಯ ನೋಂದಣಿ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರ ಮಾತು ನಂಬಿ ಒಂದು ರೂಪಾಯಿಯನ್ನೂ ಹಾಕಬೇಡಿ.