ಮಾಲ್ ಎದ್ದಿತು, ಊರು ಏಳಲಿಲ್ಲ

ಅಮೆರಿಕದ ಮಿನಿಯಾಪೊಲಿಸ್ ನಗರದ ಅಂಚಿನಲ್ಲಿರುವ ಈಡೈನಾ ಎಂಬ ಉಪನಗರದಲ್ಲಿ 1956ರ ಅಕ್ಟೋಬರ್ 8ರಂದು ಸೌತ್‌ಡೇಲ್ ಸೆಂಟರ್ ತೆರೆಯಿತು. ಪೂರ್ತಿ ಒಂದೇ ಸೂರಿನಡಿ, ವರ್ಷವಿಡೀ ಒಂದೇ ಹದದ ಹವೆಯಲ್ಲಿ ನಡೆಯುವಂತೆ ಕಟ್ಟಿದ ಮೊದಲ ಉಪನಗರ ಮಾಲ್ ಇದು. ವಿನ್ಯಾಸ ಮಾಡಿದವರು ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು, ನಾಜಿಗಳು ಆಸ್ಟ್ರಿಯವನ್ನು ನುಂಗಿದ 1938ರಲ್ಲಿ ಅಮೆರಿಕಕ್ಕೆ ಬಂದವರು. ಡೇಟನ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್ ಸಂಸ್ಥೆ ಸುಮಾರು 2 ಕೋಟಿ ಡಾಲರ್ ಸುರಿದು ಕಟ್ಟಿಸಿದ ಈ ಮಾಲ್‌ನಲ್ಲಿ 72 ಅಂಗಡಿಗಳು, 5,200 ಕಾರುಗಳಿಗೆ ಜಾಗ. ನಡುವಿನ ಅಂಗಳದಲ್ಲಿ ಶಿಲ್ಪಿ ಹ್ಯಾರಿ ಬರ್ಟೋಯಾ ರೂಪಿಸಿದ ಲೋಹದ ಮರಗಳು, ದೊಡ್ಡ ಹಕ್ಕಿಪಂಜರ, ಕಾಫಿ ಕುಡಿಯುತ್ತ ಕೂರಲು ಮೇಜು ಕುರ್ಚಿಗಳು. ಹೊರಗೆ ಹಿಮ ಬಿದ್ದರೂ ಒಳಗೆ ಚೈತ್ರ.

ಆದರೆ ಗ್ರೂಯೆನ್ ಮನಸ್ಸಿನಲ್ಲಿದ್ದದ್ದು ಬರೀ ಮಾಲ್ ಅಲ್ಲ. 463 ಎಕರೆಯ ಅವರ ಯೋಜನೆಯಲ್ಲಿ ಮನೆಗಳು, ಅಪಾರ್ಟ್‌ಮೆಂಟುಗಳು, ಶಾಲೆ, ವೈದ್ಯಕೀಯ ಕೇಂದ್ರ, ಉದ್ಯಾನ, ಕೆರೆ ಎಲ್ಲವೂ ಇದ್ದವು. ವಿಯೆನ್ನಾದ ಬೀದಿಬದುಕನ್ನು ಕಾರಿನ ಕಾಲಕ್ಕೆ ಒಗ್ಗಿಸುವ ಆಸೆ ಅದು. ಆಗಿದ್ದೇ ಬೇರೆ. ಆಸ್ಪತ್ರೆಯೇನೋ 1965ರಲ್ಲಿ ಪಕ್ಕದಲ್ಲೇ ಬಂತು, ಸುತ್ತ ಮನೆಗಳೂ ಎದ್ದವು. ಆದರೆ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವ ಊರು ಆಗಲಿಲ್ಲ. ನಡುವೆ ಪಾರ್ಕಿಂಗ್‌ನ ಟಾರು ಬಯಲು ಹರಡಿಕೊಂಡಿತು. ಹೊಸ ಕಟ್ಟಡದ ಸವಕಳಿಯನ್ನು ಬೇಗ ಲೆಕ್ಕಕ್ಕೆ ಹಿಡಿಯಲು 1954ರ ತೆರಿಗೆ ಕಾನೂನು ಅವಕಾಶ ಕೊಟ್ಟಿದ್ದರಿಂದ ದೇಶದ ಉದ್ದಗಲಕ್ಕೂ ಮಾಲ್ ಕಟ್ಟುವುದು ಲಾಭದ ದಂಧೆಯಾಯಿತು. ನಕಲು ಮಾಡಿದವರು ಅಂಗಡಿಗಳನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಕೈಬಿಟ್ಟರು. 1980ರಲ್ಲಿ ತೀರಿಕೊಳ್ಳುವ ಮೊದಲೇ ಗ್ರೂಯೆನ್ ಆ ನಕಲು ಮಾಲ್‌ಗಳಿಗೂ ತಮಗೂ ಸಂಬಂಧವಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು.

ಇದರಲ್ಲಿರುವ ಪಾಠ ಕಟ್ಟುವ ಸರದಿಯದು. ಹಣ ಮೊದಲು ಎಲ್ಲಿಂದ ಬರುತ್ತದೋ ಆ ಭಾಗವೇ ಮೊದಲು ಏಳುತ್ತದೆ. ಉಳಿದದ್ದು 'ಎರಡನೇ ಹಂತ' ಎಂಬ ಹೆಸರಿನಲ್ಲಿ ನಕ್ಷೆಯಲ್ಲೇ ಉಳಿಯುವ ಅಪಾಯವಿದೆ. ಸೌತ್‌ಡೇಲ್‌ನಲ್ಲಿ ಬಾಡಿಗೆ ತರುವ ಮಾಲ್ ಮೊದಲಾಯಿತು. ಬೆಂಗಳೂರಿನ ಹೊರವಲಯದಲ್ಲಿ ಮನೆ, ಅಂಗಡಿ ಒಟ್ಟಿಗಿರುವ ಇಂಥ ಯೋಜನೆಗಳ ನಕ್ಷೆ ಹಿಡಿದು ದುಡಿಯುವಾಗ ನಾನು ಹೆಚ್ಚಾಗಿ ಕಂಡದ್ದು ಇದರ ತಿರುವುಮುರುವು: ಮುಂಗಡ ತರುವ ಫ್ಲಾಟುಗಳು ಮೊದಲು, ಅಂಗಡಿಸಾಲು ಕೊನೆಗೆ. ಎರಡೂ ಕಡೆ ನಷ್ಟ ಜನರದೇ, ಹಾಲಿಗೂ ಔಷಧಿಗೂ ಗಾಡಿ ತೆಗೆಯಬೇಕು.

ಎರಡನೆಯ ಪಾಠ ಸರಕು ಇಳಿಸುವ ಜಾಗದ್ದು. ಡೆಟ್ರಾಯ್ಟ್ ಬಳಿ 1954ರಲ್ಲಿ ತೆರೆದ ನಾರ್ತ್‌ಲ್ಯಾಂಡ್ ಮಾಲ್‌ಗೆ ಇದೇ ಗ್ರೂಯೆನ್ ಲಾರಿಗಳಿಗಾಗಿ ನೆಲದಡಿ ಸುರಂಗವನ್ನೇ ಇಟ್ಟಿದ್ದರು. ನಮ್ಮಲ್ಲಿ ಈ ವಿಚಾರವನ್ನು ಹಗುರವಾಗಿ ನೋಡುವುದೇ ಹೆಚ್ಚು. ಬೆಂಗಳೂರಿನಲ್ಲಿ ಹಗಲು ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಸೂಪರ್ ಮಾರ್ಕೆಟ್ಟಿನ ಸರಕು ಬರುವುದು ರಾತ್ರಿ. ಕಾರಿನ ಎತ್ತರಕ್ಕೆ ಕಟ್ಟಿದ ಬೇಸ್‌ಮೆಂಟ್‌ಗೆ ಲಾರಿ ಇಳಿಯದು, ಅದಕ್ಕೆ ನಾಲ್ಕು ಮೀಟರಿಗೂ ಮಿಕ್ಕ ಎತ್ತರ ಬೇಕು. ಹಾಗಾಗಿ ಲಾರಿ ಬೀದಿಯಲ್ಲೇ ನಿಲ್ಲುತ್ತದೆ. ಹಿಂದಕ್ಕೆ ತೆಗೆಯುವಾಗಿನ ಬೀಪ್ ಸದ್ದು, ಕಬ್ಬಿಣದ ಟ್ರಾಲಿ ಉರುಳುವ ಸದ್ದು ಮೇಲಿನ ಮಲಗುವ ಕೋಣೆಗಳಿಗೆ ನೇರ ಮುಟ್ಟುತ್ತದೆ. ಹೋಟೆಲ್ ಅಡುಗೆಮನೆಯ ಹೊಗೆಕೊಳವೆಯದೂ ಇದೇ ಕತೆ. ಅದನ್ನು ಅಪಾರ್ಟ್‌ಮೆಂಟಿನ ತಾರಸಿಯವರೆಗೆ ಒಯ್ಯಲು ಮೊದಲೇ ದಾರಿ ಬಿಡದಿದ್ದರೆ, ಒಗ್ಗರಣೆ ಘಾಟು ಎರಡನೇ ಮಹಡಿಯ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗೆ ಹತ್ತುತ್ತದೆ. ಕಟ್ಟಡ ಎದ್ದ ಮೇಲೆ ಇವೆರಡಕ್ಕೂ ಪರಿಹಾರ ಬಹಳ ದುಬಾರಿ.

ಮತ್ತೆ ಸೌತ್‌ಡೇಲ್‌ಗೆ ಬಂದರೆ, ಅಲ್ಲಿನ ಪಾರ್ಕಿಂಗ್ ಬಯಲಿನ ಒಂದು ಮೂಲೆಯಲ್ಲಿ 2014ರ ಹೊತ್ತಿಗೆ ಅಪಾರ್ಟ್‌ಮೆಂಟುಗಳು ಎದ್ದವು. ಗ್ರೂಯೆನ್ ಬರೆದಿಟ್ಟದ್ದರ ಇನ್ನೊಂದು ತುಣುಕು ಬರಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು.

ನಮ್ಮಲ್ಲಿ ಇಂಥ ಯೋಜನೆಗಳಲ್ಲಿ ಮನೆ ಕೊಳ್ಳುವವರು ಮಾದರಿ ಫ್ಲಾಟ್ ನೋಡುವ ಮೊದಲು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಾಯಿಸಿದ ಮಂಜೂರಾದ ನಕ್ಷೆಯನ್ನು ತೆಗೆಸಿ ನೋಡಲಿ. ಲಾರಿ ಎಲ್ಲಿ ನಿಲ್ಲುತ್ತದೆ, ಹೊಗೆಕೊಳವೆ ಎಲ್ಲಿ ಹಾದುಹೋಗುತ್ತದೆ, ಅಂಗಡಿಗಳು ಯಾವ ಹಂತದಲ್ಲಿ ಬರುತ್ತವೆ ಎಂದು ಕೇಳಲಿ. 2016ರ ರೇರಾ ಕಾಯ್ದೆಯ ಪ್ರಕಾರ ಯೋಜನೆಯ ಮಂಜೂರಾದ ನಕ್ಷೆಯನ್ನು ದೊಡ್ಡದಾಗಿ ಬದಲಿಸಬೇಕಾದರೆ ಖರೀದಿದಾರರಲ್ಲಿ ಮೂರನೇ ಎರಡು ಭಾಗದಷ್ಟು ಜನರ ಲಿಖಿತ ಒಪ್ಪಿಗೆ ಬೇಕೇ ಬೇಕು.