ಮೀನಿನ ತೊಟ್ಟಿಗೆ ಕಟ್ಟಿಗೆಯನ್ನು ಸಿದ್ಧಪಡಿಸುವ ಬಗೆ

ದಾರಿಯ ಬದಿಯಲ್ಲೋ ಹೊಳೆಯ ದಂಡೆಯಲ್ಲೋ ಬಿದ್ದ ಸೊಟ್ಟ ಬೇರು ಮೀನು ಸಾಕುವವರ ಕಣ್ಣಿಗೆ ಚೆಲುವಾಗಿ ಕಾಣುತ್ತದೆ. ಗಾಜಿನ ತೊಟ್ಟಿಯಲ್ಲಿಟ್ಟರೆ ನೋಟಕ್ಕೂ ಸೊಗಸು, ಮೀನಿಗೂ ಮರೆ. ಅಂಗಡಿಗೆ ಕೊಡುವ ಹಣವೂ ಉಳಿಯುತ್ತದೆ. ಆದರೆ ತಂದುದನ್ನು ಹಾಗೆಯೇ ನೀರಿಗಿಳಿಸಿದರೆ ಮೀನು ಸಾಯುವುದುಂಟು. ಕಾರಣವನ್ನು ತಿಳಿದರೆ ಇದನ್ನು ತಪ್ಪಿಸಬಹುದು.

ಮೀನು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಸಿರಾಡುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ನಾಗಪುರದ ಮೇ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ತಗಡಿನ ಮಾಡಿನ ಕೋಣೆಯಲ್ಲಿ ತೊಟ್ಟಿಯ ನೀರೂ ಕಾಯುತ್ತದೆ. ಅದರಲ್ಲಿ ಅರೆಕೊಳೆತ ಕಟ್ಟಿಗೆಯಿದ್ದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನೂ ಹೀರುತ್ತವೆ. ನಮ್ಮ ಊರಿನ ಬೇಸಗೆಯಲ್ಲಿ ಆಯ್ಕೆಗೆ ಇಷ್ಟು ಮಹತ್ವವಿರುವುದು ಇದಕ್ಕಾಗಿಯೇ.

ಆಯ್ಕೆ: ಕಟ್ಟಿಗೆ ಪೂರ್ತಿ ಒಣಗಿ ಗಟ್ಟಿಯಾಗಿರಬೇಕು. ಉಗುರು ಇಳಿಯುವಂಥದು ಬೇಡ. ಹಸಿ ಕೊಂಬೆಯಲ್ಲಿ ರಸವಿರುವುದರಿಂದ ಬೇಗ ಕೊಳೆಯುತ್ತದೆ. ಹುಣಸೆ, ಪೇರಲಗಳ ಒಣ ಬೇರು ಒಳ್ಳೆಯದು. ಕಣಗಿಲೆ, ಎಕ್ಕೆ, ಕಳ್ಳಿ ವಿಷದ ಗಿಡಗಳು. ಯಾವ ಮರವೆಂದು ತಿಳಿಯದಿದ್ದರೆ ಬಿಟ್ಟುಬಿಡಬೇಕು. ನಗರದ ಕೊಳಚೆಯನ್ನು ಹೊತ್ತು ಹರಿಯುವ ನಾಗ ನದಿಯ ದಂಡೆಯದೂ ಬೇಡ. ಹಳೆಯ ರೇಲ್ವೆ ಸ್ಲೀಪರಿನ ತುಂಡು ಎಷ್ಟೇ ಗಟ್ಟಿಯಿದ್ದರೂ ಕೂಡದು. ಗೆದ್ದಲು ಹತ್ತದಂತೆ ಅದಕ್ಕೆ ಉಣಿಸಿದ ಕ್ರಿಯೋಸೋಟ್ ಎಣ್ಣೆ ಕುದಿಸಿದರೂ ಹೋಗುವುದಿಲ್ಲ. ಬಣ್ಣ ಬಳಿದುದು, ಪ್ಲೈವುಡ್ಡು ಸಹ ವರ್ಜ್ಯ. ಪೆಂಚ್ ರಾಷ್ಟ್ರೀಯ ಉದ್ಯಾನದಂಥ ಕಾಯ್ದಿಟ್ಟ ಅಡವಿಯಿಂದ ಬಿದ್ದ ತುಂಡನ್ನು ತರುವುದೂ ಅಪರಾಧ.

ಕುದಿಸುವುದು: ತೊಗಟೆ ಸುಲಿದು, ಸಡಿಲ ಭಾಗವನ್ನು ಕೆತ್ತಿ, ಬರಿಯ ನೀರಿನಲ್ಲಿ ಬ್ರಷ್‌ನಿಂದ ತಿಕ್ಕಬೇಕು. ಸಾಬೂನು ಹಚ್ಚಿದರೆ ಕಟ್ಟಿಗೆ ಅದನ್ನು ಹೀರಿ ಮುಂದೆ ತೊಟ್ಟಿಗೆ ಬಿಡುತ್ತದೆ. ಬಳಿಕ ಅಡಿಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ ಒಂದೆರಡು ಗಂಟೆ ಕುದಿಸಿ, ಆ ನೀರನ್ನು ಚೆಲ್ಲಿ ಇನ್ನೊಮ್ಮೆ ಕುದಿಸಬೇಕು. ಹುಳ, ಮೊಟ್ಟೆ, ಬೂಷ್ಟು ಸಾಯುತ್ತವೆ. ಒಳಗಿನ ಗಾಳಿಯೂ ಒಗರೂ ಹೊರಬರುತ್ತವೆ. ಪ್ರೆಶರ್ ಕುಕ್ಕರಿನಲ್ಲಿ ಮಾತ್ರ ಕುದಿಸಬಾರದು. ಚೂರೊಂದು ಉಗಿಯ ರಂಧ್ರಕ್ಕೆ ಅಡ್ಡಬಂದರೆ ಕುಕ್ಕರು ಸಿಡಿಯಬಹುದು.

ನೆನೆಸುವುದು: ಕಟ್ಟಿಗೆ ತಾನಾಗಿ ಮುಳುಗಲು ಬಕೆಟ್ಟಿನಲ್ಲಿ ಕಲ್ಲು ಹೇರಿ ಎರಡರಿಂದ ಆರು ವಾರ ನೆನೆಸಬೇಕಾಗುತ್ತದೆ. ಇಲ್ಲಿಯೇ ಮನುಷ್ಯರಿಗೂ ಅಪಾಯವಿದೆ. ಡೆಂಗಿ ಜ್ವರದ ಸೊಳ್ಳೆ ಕೂಲರಿನ ತೊಟ್ಟಿಯಲ್ಲಿ ಬೆಳೆಯುವಂತೆ ಈ ಬಕೆಟ್ಟಿನಲ್ಲಿಯೂ ಬೆಳೆಯುತ್ತದೆ. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಬೇಕು. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ಬಕೆಟ್ಟಿನ ಒಳಬದಿಯನ್ನು ತಿಕ್ಕಿ ತೊಳೆಯಬೇಕು. ಅಲ್ಲಿ ಅಂಟಿದ ಮೊಟ್ಟೆ ಒಣಗಿದರೂ ಸಾಯುವುದಿಲ್ಲ. ನಮ್ಮ ಹವ್ಯಾಸದಿಂದ ನೆರೆಮನೆಯ ಮಗು ಜ್ವರದಲ್ಲಿ ಮಲಗುವಂತಾಗಬಾರದು.

ಪರೀಕ್ಷೆ: ನೀರು ಚಹದ ಬಣ್ಣಕ್ಕೆ ತಿರುಗಿದರೆ ಹೆದರಬೇಕಾಗಿಲ್ಲ, ಅದು ಟ್ಯಾನಿನ್ ಎಂಬ ಒಗರು. ಎಣ್ಣೆಯ ಪದರವೋ ಕೊಳೆತ ನಾತವೋ ಕಂಡರೆ ಕಟ್ಟಿಗೆಯನ್ನು ಎಸೆಯಬೇಕು. ಇನ್ನೂ ತೇಲುತ್ತಿದ್ದರೆ ಗ್ರಾನೈಟಿನ ತುಂಡಿಗೆ ಬಿಗಿಯಬಹುದು. ನಮ್ಮ ಶಹಾಬಾದ ಫರಸಿ ಸುಣ್ಣಕಲ್ಲಾದುದರಿಂದ ನಿಧಾನವಾಗಿ ಕರಗಿ ನೀರನ್ನು ಗಡಸುಗೊಳಿಸುತ್ತದೆ.

ತೊಟ್ಟಿಗೆ ಹಾಕಿದ ಮೇಲೆ ಬಿಳಿಯ ಲೋಳೆ ಕಟ್ಟಿಕೊಂಡರೆ ತೆಗೆದು ತಿಕ್ಕಿದರಾಯಿತು. ಕೆಲವು ವಾರಗಳಲ್ಲಿ ತಾನೇ ನಿಲ್ಲುತ್ತದೆ. ಮೊದಲ ವಾರ ಪ್ರತಿದಿನ ಬೆಳಿಗ್ಗೆ ಮೀನನ್ನು ನೋಡಬೇಕು. ಅದು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಕಟ್ಟಿಗೆಯನ್ನು ಕೂಡಲೇ ಹೊರತೆಗೆದು, ಕ್ಲೋರಿನ್ ಕಳೆದ ನೀರಿನಿಂದ ಮೂರನೆಯ ಒಂದು ಪಾಲು ನೀರನ್ನು ಬದಲಿಸಬೇಕು.